ಆಹಾರ ಶೇಖರಣೆಗೆ ಗಾಜಿನ ಸೀಸೆ: ಕರಾವಳಿಯ ರೈತರಿಗೆ ಕೆಲವು ಸಲಹೆಗಳು

ಕುಂದಾಪುರ ತಾಲ್ಲೂಕಿನ ಗುಲ್ವಾಡಿಯಂತಹ ಊರುಗಳಲ್ಲಿ ಮಾರ್ಚಿಯಿಂದ ಮೇ ತಿಂಗಳವರೆಗೆ ಗೃಹಿಣಿಯರಿಗೆ ಕೈಬಿಡುವಿಲ್ಲ. ಕಾಟು ಮಾವಿನ ಮಿಡಿ ಉಪ್ಪಿಗೆ ಬೀಳಬೇಕು. ಹಲಸಿನ ಸೊಳೆ ಬಿಡಿಸಿ ಭರಣಿಗೆ ತುಂಬಬೇಕು. ಮುರುಗಲು ಹಣ್ಣು, ಅಂದರೆ ಪುನರ್ಪುಳಿ, ಮಳೆ ಹಿಡಿಯುವ ಮೊದಲೇ ಸಕ್ಕರೆ ಸೇರಬೇಕು. ಜೂನ್ ತಿಂಗಳಲ್ಲಿ ಮಳೆ ಕುಳಿತಿತೆಂದರೆ ಆಸಾಡಿ ಕಳೆಯುವವರೆಗೆ ಗಂಜಿಯ ಜೊತೆಗೆ ಆಗುವುದು ಈ ಶೇಖರಣೆಯೇ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ಗಾಳಿಯೇ ಒದ್ದೆ. ಹಪ್ಪಳ ಮೆತ್ತಗಾಗುತ್ತದೆ, ಉಪ್ಪು ನೀರಾಗುತ್ತದೆ, ಮುಚ್ಚಳ ಸಡಿಲವಾದ ಪಾತ್ರೆಯಲ್ಲಿ ಬೂಷ್ಟು ಬರುತ್ತದೆ. ಎರಡು ತಿಂಗಳ ದುಡಿಮೆ ಜುಲೈ ತಿಂಗಳಲ್ಲಿ ತಿಪ್ಪೆಗೆ ಹೋದ ಮನೆಗಳನ್ನು ನೀವೂ ನೋಡಿರಬಹುದು. ಇಂತಹ ನಷ್ಟಕ್ಕೆ ಅನೇಕ ಸಲ ಕಾರಣ ಮಾಡಿದ ಪದಾರ್ಥವಲ್ಲ, ತುಂಬಿಟ್ಟ ಪಾತ್ರೆ ಮತ್ತು ಅದರ ಮುಚ್ಚಳ.

ಹುಳಿ ಮತ್ತು ಉಪ್ಪಿನ ಪದಾರ್ಥಗಳನ್ನು ದೀರ್ಘಕಾಲ ಇಡಲು ಗಾಜಿಗಿಂತ ಉತ್ತಮವಾದ ಪಾತ್ರೆ ಸಾಮಾನ್ಯ ರೈತನಿಗೆ ದೊರೆಯುವುದು ಕಷ್ಟ. ಆದರೆ ಗಾಜು ತಾನಾಗಿ ಏನನ್ನೂ ಕೆಡದಂತೆ ಕಾಯುವುದಿಲ್ಲ. ಅದನ್ನು ತೊಳೆಯುವ, ಒಣಗಿಸುವ, ಮುಚ್ಚುವ ಕ್ರಮವನ್ನು ಅರಿತಿರಬೇಕು.

ಗಾಜಿನ ಗುಣ

ಮರಳು, ಸೋಡಾ ಬೂದಿ ಮತ್ತು ಸುಣ್ಣಕಲ್ಲನ್ನು ಸುಮಾರು 1,500 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಕರಗಿಸಿದರೆ ಸೀಸೆಯ ಗಾಜು ದೊರೆಯುತ್ತದೆ. ಇದರಲ್ಲಿ ಕಣ್ಣಿಗೆ ಕಾಣದಂತಹ ರಂಧ್ರಗಳೂ ಇಲ್ಲ. ಆದ್ದರಿಂದ ಗಾಳಿ, ತೇವ, ವಾಸನೆ ಯಾವುದೂ ಗಾಜಿನ ಮೂಲಕ ಹಾಯುವುದಿಲ್ಲ. ಆಹಾರದ ಹುಳಿಯಾಗಲಿ ಉಪ್ಪಾಗಲಿ ಅದನ್ನು ತಿನ್ನುವುದಿಲ್ಲ. ಅಲ್ಯೂಮಿನಿಯಂ, ಕಲಾಯಿ ಹೋದ ತಾಮ್ರ ಅಥವಾ ಹಿತ್ತಾಳೆಯ ಪಾತ್ರೆಗಳಲ್ಲಿ ಮುರುಗಲು ರಸವನ್ನು ಒಂದು ರಾತ್ರಿ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹುಳಿ ಲೋಹವನ್ನು ಕರಗಿಸುತ್ತದೆ, ರುಚಿ ಕೆಡುತ್ತದೆ, ಆ ರಸ ಆರೋಗ್ಯಕ್ಕೂ ಒಳ್ಳೆಯದಲ್ಲ.

ಪ್ಲಾಸ್ಟಿಕ್ ಡಬ್ಬಿ ಹಗುರ, ಒಡೆಯುವುದಿಲ್ಲ, ಬೆಲೆಯೂ ಕಡಿಮೆ. ಆಹಾರಕ್ಕೆಂದೇ ತಯಾರಿಸಿದ ಡಬ್ಬಿಯಾದರೆ ಕೆಲವು ವಾರಗಳ ಬಳಕೆಗೆ ಅಡ್ಡಿಯಿಲ್ಲ. ಆದರೆ ಅದರ ಮೂಲಕ ಗಾಳಿ ನಿಧಾನವಾಗಿ ಹಾಯುತ್ತದೆ. ಒಮ್ಮೆ ಉಪ್ಪಿನಕಾಯಿ ತುಂಬಿದ ಡಬ್ಬಿಯಿಂದ ಮೆಂತ್ಯ, ಇಂಗಿನ ವಾಸನೆ ಹೋಗುವುದಿಲ್ಲವೆಂಬುದು ಎಲ್ಲರ ಅನುಭವ. ಉಜ್ಜಿದಾಗ ಬೀಳುವ ಗೀರುಗಳಲ್ಲಿ ಕೊಳೆ ಕೂರುತ್ತದೆ. ಹಳೆಯ ಪಿಂಗಾಣಿ ಭರಣಿ ಉತ್ತಮವಾದದ್ದೇ. ಆದರೆ ಮೇಲಿನ ಹೊಳಪು ಸೀಳು ಬಿಟ್ಟಿದ್ದರೆ ಅದನ್ನು ಉಪ್ಪಿನಕಾಯಿಗೆ ಬಳಸಬಾರದು. ಒಳಗಿನ ಮಣ್ಣು ಉಪ್ಪುನೀರನ್ನು ಹೀರುತ್ತದೆ. ಕಳಪೆ ಹೊಳಪಿನಲ್ಲಿ ಸೀಸದ ಅಂಶವಿದ್ದರೆ ಅದು ಹುಳಿಗೆ ಬಿಟ್ಟುಕೊಳ್ಳುವ ಅಪಾಯವೂ ಉಂಟು.

ಸೀಸೆಯಲ್ಲಿ ಆಹಾರವನ್ನು ಕಾಪಾಡುವ ವಿಧಾನ ಹೊಸದಲ್ಲ. ಫ್ರಾನ್ಸ್ ದೇಶದ ನಿಕೋಲಾ ಅಪೇರ್ ಎಂಬ ಮಿಠಾಯಿಗಾರ ಆಹಾರವನ್ನು ಗಾಜಿನ ಸೀಸೆಗೆ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟು ಕೆಡದಂತೆ ಉಳಿಸಿದ. 1810ರಲ್ಲಿ ಅಲ್ಲಿಯ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಆಹಾರ ಕೆಡುವುದು ಸೂಕ್ಷ್ಮಜೀವಿಗಳಿಂದ ಎಂದು ಪಾಶ್ಚರ್ ತೋರಿಸಿಕೊಟ್ಟದ್ದು ಅದಾದ ಸುಮಾರು ಅರ್ಧ ಶತಮಾನದ ನಂತರ. ನಮ್ಮ ಅಜ್ಜಿಯರು ಭರಣಿಯನ್ನು ಬಿಸಿಲಿಗಿಟ್ಟು ಒಣಗಿಸಿ, ಒದ್ದೆ ಕೈ ಹಾಕಬೇಡಿರೆಂದು ಮಕ್ಕಳನ್ನು ಗದರುತ್ತಿದ್ದುದೂ ಇದೇ ಬಗೆಯ ಅನುಭವದ ತಿಳುವಳಿಕೆ.

ಸೀಸೆಯನ್ನು ಸಿದ್ಧಪಡಿಸುವ ಕ್ರಮ

ಮೊದಲು ಸೀಸೆಯ ಬಾಯಿಯ ಸುತ್ತ ತೆಳು ಬಟ್ಟೆಯನ್ನು ಎಳೆದು ನೋಡಿರಿ. ಎಲ್ಲಾದರೂ ನೂಲು ಸಿಕ್ಕಿಕೊಂಡರೆ ಅಲ್ಲಿ ಚೂರು ಹಾರಿದೆ ಎಂದು ತಿಳಿಯಬೇಕು. ಅಂತಹ ಸೀಸೆಯಲ್ಲಿ ಮುಚ್ಚಳ ಬಿಗಿಯಾಗುವುದಿಲ್ಲ, ಗಾಜಿನ ಚೂರು ಆಹಾರಕ್ಕೆ ಬೀಳುವ ಸಂಭವವೂ ಇದೆ.

ಒಳ್ಳೆಯ ಸೀಸೆಗಳನ್ನು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಕುಂಚದಿಂದ ಉಜ್ಜಿ, ಮೂರು ನಾಲ್ಕು ಸಲ ಶುದ್ಧ ನೀರಿನಲ್ಲಿ ಜಾಲಿಸಿರಿ. ದೊಡ್ಡ ಹಂಡೆಯ ತಳಕ್ಕೆ ಮಡಿಸಿದ ಬಟ್ಟೆ ಹಾಸಿ, ಸೀಸೆಗಳನ್ನಿಟ್ಟು, ಅವು ಮುಳುಗುವಷ್ಟು ತಣ್ಣೀರು ತುಂಬಿ, ನಿಧಾನವಾಗಿ ಕಾಯಿಸಿ, ಕುದಿ ಬಂದ ನಂತರ 20 ನಿಮಿಷ ಬಿಡಿರಿ. ಆಮೇಲೆ ಹೊರತೆಗೆದು ಒಗೆದ ಬಟ್ಟೆಯ ಮೇಲೆ ಬೋರಲು ಹಾಕಬೇಕು. ಒಳಗೆ ಬಟ್ಟೆ ತೂರಿಸಿ ಒರೆಸುವ ಅಭ್ಯಾಸ ಕೆಲವರಿಗೆ ಉಂಟು. ಕುದಿಸಿ ಕಳೆದುದನ್ನು ಬಟ್ಟೆಯಿಂದ ಮತ್ತೆ ಒಳಗೆ ಸೇರಿಸಿದಂತಾಗುತ್ತದೆ. ಬಿಸಿಲಿನಲ್ಲಿ ತಾನಾಗಿ ಒಣಗಲಿ.

ತಣ್ಣೀರಿನಿಂದಲೇ ಆರಂಭಿಸಬೇಕೆನ್ನಲು ಕಾರಣವಿದೆ. ಗಾಜಿನಲ್ಲಿ ಶಾಖ ಬೇಗ ಹರಿಯುವುದಿಲ್ಲ. ತಣ್ಣಗಿರುವ ಸೀಸೆಗೆ ಬಿಸಿ ಪದಾರ್ಥ ಸುರಿದರೆ ಒಳಗೋಡೆ ಹಿಗ್ಗುತ್ತದೆ, ಹೊರಗೋಡೆ ಹಿಗ್ಗುವುದಿಲ್ಲ, ಸೀಸೆ ಸೀಳುತ್ತದೆ. ಸಾಮಾನ್ಯ ಸೀಸೆಗೆ ಸುಮಾರು 40 ಡಿಗ್ರಿಗಿಂತ ಹೆಚ್ಚಿನ ಹಠಾತ್ ವ್ಯತ್ಯಾಸ ಅಪಾಯಕರ. ಈ ಲೇಖಕನೂ ಒಮ್ಮೆ ಅವಸರದಲ್ಲಿ ಅನಾನಸು ಜಾಮನ್ನು ಒಲೆಯಿಂದಿಳಿಸಿ ತಣ್ಣನೆಯ ಸೀಸೆಗೆ ಹೊಯ್ದು, ಸೀಸೆಯನ್ನೂ ಜಾಮನ್ನೂ ಕಳೆದುಕೊಂಡದ್ದುಂಟು. ಬಿಸಿಯಾಗಿ ತುಂಬುವುದಿದ್ದರೆ ಸೀಸೆಯೂ ಬಿಸಿಯಿರಬೇಕು, ಕೆಳಗೆ ಸಿಮೆಂಟು ನೆಲದ ಬದಲು ಮರದ ಹಲಗೆಯಿರಬೇಕು. ತುಂಬುವಾಗ ಒಂದು ಸೀಸೆ ಒಡೆದರೆ ಹತ್ತಿರ ಬಾಯಿ ತೆರೆದಿದ್ದ ಸೀಸೆಗಳಲ್ಲಿರುವುದನ್ನೂ ಚೆಲ್ಲಬೇಕು. ಮನಸ್ಸು ಒಪ್ಪದಿರಬಹುದು, ಆದರೆ ಬೇರೆ ದಾರಿಯಿಲ್ಲ.

ಮುರುಗಲು ಪಾನಕ

ಚೆನ್ನಾಗಿ ಹಣ್ಣಾದ ಕಾಯಿಗಳನ್ನು ತೊಳೆದು, ಒರೆಸಿ, ಎರಡು ಹೋಳು ಮಾಡಿ ಬೀಜ ತೆಗೆಯಿರಿ. (ಬೀಜ ಎಸೆಯಬೇಡಿರಿ. ಒಣಗಿಸಿಟ್ಟರೆ ಮುರುಗಲು ತುಪ್ಪಕ್ಕೆ ಆಗುತ್ತದೆ.) ಒಂದು ಕಿಲೋಗ್ರಾಂ ಸಿಪ್ಪೆಗೆ ಎರಡು ಕಿಲೋಗ್ರಾಂ ಸಕ್ಕರೆಯಂತೆ, ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹಾಕಿ ಮುಚ್ಚಿಡಬೇಕು. ದಿನಕ್ಕೊಮ್ಮೆ ಒಣಗಿದ ಸೌಟಿನಿಂದ ಕದಡಿದರೆ ವಾರದೊಳಗೆ ಸಕ್ಕರೆ ಕರಗಿ ಕಡುಗೆಂಪು ಪಾನಕ ಬಿಡುತ್ತದೆ. ಸೋಸಿ, ಪೂರ್ತಿ ಒಣಗಿದ ಸೀಸೆಗಳಿಗೆ ತುಂಬಿ, ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಮುಚ್ಚಬೇಕು.

ಪೂರ್ತಿ ಒಣಗಿರಬೇಕೆಂಬ ಮಾತನ್ನು ಹಗುರವಾಗಿ ಎಣಿಸಬಾರದು. ಈ ಪಾನಕವನ್ನು ಕಾಪಾಡುವುದು ಅದರಲ್ಲಿರುವ ಗಟ್ಟಿ ಸಕ್ಕರೆ. ನೂರಕ್ಕೆ 65 ಭಾಗ ಮೀರಿದ ಸಕ್ಕರೆಯಲ್ಲಿ ಹೆಚ್ಚಿನ ಬೂಷ್ಟು, ಹುದುಗುಗಳು ಬೆಳೆಯಲಾರವು. ಆದರೆ ಸೀಸೆಯ ಕುತ್ತಿಗೆಯಲ್ಲಿ ನಿಂತ ನಾಲ್ಕು ಹನಿ ನೀರು ಮೇಲ್ಭಾಗದ ಪದರವನ್ನು ತೆಳುವಾಗಿಸುತ್ತದೆ. ಬೂಷ್ಟು ಮೊದಲು ಹಿಡಿಯುವುದು ಅಲ್ಲಿಂದಲೇ.

ಮಾರಾಟಕ್ಕೆ ಮಾಡುವವರು ಸಂರಕ್ಷಕ ಸೇರಿಸುವುದಿದ್ದರೆ ಸೋಡಿಯಂ ಬೆಂಜೊಯೇಟನ್ನು ಆರಿಸಬೇಕು. ನಿಂಬೆ ಶರಬತ್ತಿಗೆ ಬಳಸುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಇಲ್ಲಿ ಬೇಡ. ಅದರಿಂದ ಹೊರಡುವ ಗಂಧಕದ ಅನಿಲ ಮುರುಗಲಿನ ಕೆಂಪನ್ನು ಕಳೆಯುತ್ತದೆ. ಬೆಂಜೊಯೇಟ್ ಒಂದು ಕಿಲೋಗ್ರಾಂ ಪಾನಕಕ್ಕೆ 0.7 ಗ್ರಾಂ ಮೀರಬಾರದು. ಇಷ್ಟು ಸಣ್ಣ ತೂಕ ಅಂದಾಜಿನಲ್ಲಿ ಬರುವುದಿಲ್ಲವಾದ್ದರಿಂದ ಹತ್ತು ಕಿಲೋಗ್ರಾಂಗೆ 7 ಗ್ರಾಂನಂತೆ ಅಂಗಡಿಯ ಸಣ್ಣ ತಕ್ಕಡಿಯಲ್ಲಿ ತೂಗಿಸಿಕೊಳ್ಳುವುದು ಲೇಸು.

ಬಿಳಿ ಗಾಜಿನ ಒಂದು ದೋಷ, ಅದು ಬೆಳಕನ್ನು ಒಳಗೆ ಬಿಡುತ್ತದೆ. ಬೆಳಕಿನಲ್ಲಿಟ್ಟ ಮುರುಗಲು ಪಾನಕ ಕ್ರಮೇಣ ಕಂದಾಗುತ್ತದೆ. ಅಂಗಡಿಯ ಮುಂದಿನ ಬಿಸಿಲಿನಲ್ಲಿ ಸಾಲಾಗಿ ಜೋಡಿಸಿದರೆ ನೋಟಕ್ಕೆ ಚೆನ್ನ, ಮಾಲಿಗೆ ಕೆಡುಕು. ಕತ್ತಲೆಯ ಕಪಾಟಿನಲ್ಲಿಡಿ, ಇಲ್ಲವೆ ಕಂದು ಬಣ್ಣದ ಸೀಸೆ ಬಳಸಿರಿ.

ಉಪ್ಪಿನ ಮಾವು ಮತ್ತು ಜೇನು

ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕುವಾಗ ಒಂದು ಕಿಲೋಗ್ರಾಂಗೆ ಕಾಲು ಕಿಲೋಗ್ರಾಂ ಕಲ್ಲುಪ್ಪು ಬೇಕು. ರುಚಿಗೆಂದು ಉಪ್ಪು ಕಡಿಮೆ ಮಾಡಿದರೆ ಶ್ರಾವಣಕ್ಕೆ ಮೊದಲೇ ಮಿಡಿ ಮೆತ್ತಗಾಗುತ್ತದೆ. ಮಿಡಿ ಸದಾ ಉಪ್ಪುನೀರಿನಲ್ಲಿ ಮುಳುಗಿರಬೇಕು. ತೇಲಿದರೆ ಮೇಲೊಂದು ಸಣ್ಣ ಪಿಂಗಾಣಿ ತಟ್ಟೆ ಕವಚಿರಿ. ಗಾಜಿನ ಭರಣಿಯಾದರೆ ನೀರಿನ ಮಟ್ಟ ಇಳಿದದ್ದು, ಮೇಲೆ ಬಿಳಿ ಪೊರೆ ಕಟ್ಟಿದ್ದು ಮುಚ್ಚಳ ತೆರೆಯದೆಯೇ ಕಾಣುತ್ತದೆ. ಇದೇ ಅದರ ದೊಡ್ಡ ಅನುಕೂಲ. ತಗಡಿನ ಮುಚ್ಚಳ ಮಾತ್ರ ಬೇಡ. ಉಪ್ಪಿನ ಹಬೆಗೆ ಅದು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಉದುರುತ್ತದೆ. ಗಾಜಿನ ಇಲ್ಲವೆ ಗಟ್ಟಿ ಪ್ಲಾಸ್ಟಿಕ್ಕಿನ ಮುಚ್ಚಳವೇ ಸರಿ.

ಜೇನು ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ತುಡುವೆ ಜೇನಿನಲ್ಲಿ ನೀರಿನಂಶ ಮೊದಲೇ ಹೆಚ್ಚು. ಮುಚ್ಚಳ ಸಡಿಲವಾದರೆ ಹುಳಿತು ನೊರೆ ಬರುತ್ತದೆ. ಹರಳುಗಟ್ಟಿದ ಜೇನನ್ನು ಮಾತ್ರ ಕೆಟ್ಟದ್ದೆಂದು ತಿಳಿಯಬಾರದು. ಸೀಸೆಯನ್ನು ಉಗುರುಬೆಚ್ಚಗಿಂತ ಸ್ವಲ್ಪ ಹೆಚ್ಚು ಬಿಸಿಯಾದ ನೀರಿನಲ್ಲಿಟ್ಟರೆ ಮತ್ತೆ ತಿಳಿಯಾಗುತ್ತದೆ.

ಮಾಡಬಾರದ ಎರಡು ಕೆಲಸ

ಕೀಟನಾಶಕದ ಖಾಲಿ ಸೀಸೆಯನ್ನು ಎಷ್ಟೇ ತೊಳೆದರೂ ಆಹಾರಕ್ಕೆ, ಎಣ್ಣೆಗೆ, ನೀರಿಗೆ ಬಳಸಬೇಡಿರಿ. ಗಾಜು ವಿಷವನ್ನು ಹೀರುವುದಿಲ್ಲವೆಂದು ವಾದಿಸುವವರಿದ್ದಾರೆ. ಆದರೆ ಮುಚ್ಚಳದ ಒಳಪದರ ಹೀರುತ್ತದೆ, ಕುತ್ತಿಗೆಯ ಸುರುಳಿಯಲ್ಲಿ ಅಂಟು ಉಳಿಯುತ್ತದೆ. ಖಾಲಿ ಪೊಟ್ಟಣಗಳು ಮರುಬಳಕೆಯಾಗದಂತೆ ಒಡೆದು ವಿಲೇವಾರಿ ಮಾಡಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಗುಜರಿಯಿಂದ ತಂದ ಸೀಸೆಯಲ್ಲಿ ಮೊದಲು ಏನಿತ್ತೆಂದು ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ ಮಾರಾಟದ ಮಾಲಿಗೆ ಹೊಸ ಸೀಸೆಯೇ ಆಗಬೇಕು.

ಎರಡನೆಯದು, ಹುಳಿಯಿಲ್ಲದ ಪದಾರ್ಥಗಳನ್ನು, ಅಂದರೆ ಮೀನು, ಮಾಂಸ, ಎಳೆ ಹಲಸು, ಬರೀ ತರಕಾರಿಗಳನ್ನು ಸೀಸೆಯಲ್ಲಿ ಕುದಿಸಿ ಮುಚ್ಚಿಡುವುದು. ಗಾಳಿಯಿಲ್ಲದ ಕಡೆ ಬೆಳೆದು ಮಾರಕ ವಿಷ ಉಂಟುಮಾಡುವ ಬೊಟುಲಿನಂ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಕುದಿನೀರಿಗೆ ಸಾಯುವುದಿಲ್ಲ. ಅವಕ್ಕೆ ಒತ್ತಡದಲ್ಲಿ 121 ಡಿಗ್ರಿಯ ಶಾಖ ಬೇಕು. ಹುಳಿ, ಗಟ್ಟಿ ಉಪ್ಪು, ಗಟ್ಟಿ ಸಕ್ಕರೆ ಈ ಮೂರರಲ್ಲಿ ಒಂದಾದರೂ ಇರುವ ಪದಾರ್ಥಗಳಿಗಷ್ಟೇ ಮನೆಯ ವಿಧಾನ ಸಾಕು.

ಮಾರಾಟಕ್ಕೆ ಒಯ್ಯುವವರಿಗೆ

ಗಾಜಿನ ತೂಕ ಮತ್ತು ಒಡೆಯುವ ಭಯ ನಿಜವೇ. ಗುಲ್ವಾಡಿಯಿಂದ ಕುಂದಾಪುರದ ಪೇಟೆಗೆ ಬಸ್ಸಿನಲ್ಲಿ ಒಯ್ಯಲು ಪೆಟ್ಟಿಗೆಯ ತಳಕ್ಕೆ ಬೈಹುಲ್ಲು ಹಾಸಿ, ಸೀಸೆಗಳ ನಡುವೆ ಅಡಿಕೆ ಹಾಳೆಯ ತುಂಡುಗಳನ್ನು ಸಿಕ್ಕಿಸಿದರೆ ಒಂದಕ್ಕೊಂದು ತಾಗುವುದಿಲ್ಲ. ದೂರದ ಊರಿಗೆ ಕಳುಹಿಸುವಾಗ ಸಾಗಣೆ ವೆಚ್ಚ ಲೆಕ್ಕ ಹಾಕಿಯೇ ಮುಂದುವರಿಯಿರಿ. ಅಗ್ಗದ ಮಾಲಿಗೆ ಗಾಜು ಹೊರೆಯಾಗುತ್ತದೆ.

ಹತ್ತಿರದ ಗಿರಾಕಿಗಳಿಂದ ಖಾಲಿ ಸೀಸೆ ಹಿಂದಕ್ಕೆ ಪಡೆಯುವ ಪದ್ಧತಿ ಲಾಭದಾಯಕ. ಹೈರಮ್ ಕಾಡ್ ಎಂಬ ಇಂಗ್ಲಿಷಿನವನು 1872ರ ವೇಳೆಗೆ ರೂಪಿಸಿದ ಗೋಲಿ ಸೋಡಾ ಸೀಸೆ ನಮ್ಮ ಅಂಗಡಿಗಳಲ್ಲಿ ದೀರ್ಘಕಾಲ ಉಳಿದದ್ದು ಹೀಗೆಯೇ: ಕುಡಿದವನು ಸೀಸೆಯನ್ನು ಅಲ್ಲಿಯೇ ಬಿಟ್ಟು ಹೋಗುತ್ತಿದ್ದ. ಸೀಸೆಗಿಷ್ಟು ಎಂದು ಠೇವಣಿ ಹಿಡಿದು, ಮರಳಿಸಿದಾಗ ಕೊಟ್ಟರಾಯಿತು. ಬಂದ ಸೀಸೆಯನ್ನು ಮೂಸಿ ನೋಡಿ. ಸೀಮೆಎಣ್ಣೆಯ ವಾಸನೆಯಿದ್ದರೆ ಬೇರೆ ಇಡಿ. ಉಳಿದವನ್ನು ಮೇಲೆ ಹೇಳಿದಂತೆ ಕುದಿಸಿ ಬಳಸಬಹುದು, ಮುಚ್ಚಳ ಮಾತ್ರ ಪ್ರತಿ ಸಲವೂ ಹೊಸದಿರಲಿ.

ಮಾರುವವರು ಆಹಾರ ಸುರಕ್ಷತಾ ಇಲಾಖೆಯಲ್ಲಿ ನೋಂದಣಿ ಮಾಡಿಸಿ, ಪದಾರ್ಥದ ಹೆಸರು, ಸೇರಿಸಿದ ವಸ್ತುಗಳು, ತೂಕ ಮತ್ತು ತಯಾರಿಸಿದ ದಿನಾಂಕವನ್ನು ಚೀಟಿಯಲ್ಲಿ ನಮೂದಿಸಬೇಕು. ತಯಾರಿಕೆಯ ವಿಷಯದಲ್ಲಿ ಸಂದೇಹವಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯೂ ಹಣ್ಣಿನ ಸಂಸ್ಕರಣೆಯಲ್ಲಿ ತರಬೇತಿ ನೀಡುತ್ತದೆ. ಚೀಟಿ ಅಂಟಿಸುವಾಗ ಮೈದಾ ಅಂಟು ಬೇಡ. ಮಳೆಗಾಲದಲ್ಲಿ ಅದು ಬೂಷ್ಟು ಹಿಡಿದು ಕಳಚುತ್ತದೆ, ಜಿರಳೆಯೂ ತಿನ್ನುತ್ತದೆ.