ಟಿಕೆಟ್‌ಗೆ ಮೊದಲು ಚುಚ್ಚುಮದ್ದು

ಕುರುಬರಹಳ್ಳಿಯಿಂದ ಉಗಾಂಡಾದ ಮಿಷನ್ ಆಸ್ಪತ್ರೆಗೋ ಕಾಂಗೋದ ಶಿಬಿರಕ್ಕೋ ಸೇವೆಗೆ ಹೊರಟಿದ್ದೀರಾ? ಬಹಳ ಸಂತೋಷ. ಆದರೆ ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಕೊಳ್ಳುವ ಗಡಿಬಿಡಿಯಲ್ಲಿ ಹಳದಿ ಜ್ವರದ ಲಸಿಕೆಯನ್ನು ಕೊನೆಯ ವಾರಕ್ಕೆ ತಳ್ಳಬೇಡಿ. ಪ್ರಮಾಣಪತ್ರ ಊರ್ಜಿತವಾಗುವುದೇ ಚುಚ್ಚಿಸಿಕೊಂಡ 10 ದಿನಗಳ ಮೇಲೆ. ಪಕ್ಕದ ರಸ್ತೆಯ ಕ್ಲಿನಿಕ್ಕಿನಲ್ಲಿ ಆಗುವ ಕೆಲಸವಲ್ಲ. ಸರ್ಕಾರ ಮಾನ್ಯ ಮಾಡಿದ ಕೇಂದ್ರಕ್ಕೇ ಪಾಸ್‌ಪೋರ್ಟ್ ಹಿಡಿದು ಹೋಗಬೇಕು. ಹೆಸರು, ಸಂಖ್ಯೆ ಸರಿಯಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು, 2016ರಿಂದ ಅದೇ ನಿಯಮ. ಹಾಗಾಗಿ ಪ್ರಮಾಣಪತ್ರದ ಆ ಹಳದಿ ಪುಸ್ತಕ ಜೋಪಾನ. ಅದಿಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಮಲೇರಿಯಾ ಮಾತ್ರೆಯನ್ನು ಹೊರಡುವ ಮುಂಚೆಯೇ ಶುರು ಮಾಡಿ. ಊರಿಗೆ ಬಂದೆವಲ್ಲ ಎಂದು ನಡುವೆ ಬಿಡಬೇಡಿ. (ಡಾಕ್ಟರು, ನರ್ಸುಗಳೇ ಇದರಲ್ಲಿ ಉದಾಸೀನ!) ಬಂದು ತಿಂಗಳ ಮೇಲೆ ಜ್ವರ ಕಾಣಿಸಿದರೂ, ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲು ಹೇಳಿ.