ಸೀಟಿ ನಿಂತಿತೆಂದು ಸಮಾಧಾನ ಪಡಬೇಡ

ಸೇಡಂ

ಮೊಮ್ಮಗನೇ, 

ನಿಮ್ಮವ್ವ ಫೋನ್ ಮಾಡಿದ್ದಳು. ತೊಗರಿ ರಾಶಿ ಮಾಡುವಾಗ ನಿನಗೆ ದಮ್ಮು ಜೋರಾಗಿ ಬಂದಿತ್ತಂತೆ, ಬೆಳಗಾಗುವುದರೊಳಗೆ ಇಳಿಯಿತಂತೆ. ಕೆಲಸಕ್ಕೆಂದು ವಾಡಿಗೆ ಮರಳಿದ ಮೇಲೆ ದಿನದ ಇನ್ಹೇಲರನ್ನೇ ಬಿಟ್ಟಿದ್ದೀಯಂತೆ. ‘ಎದ್ಯಾಗಿನ ಸೀಟಿ ನಿಂತದ, ಇನ್ಯಾಕ ಅದು?’ ಅಂದೆಯಂತೆ. ಆ ಮಾತು ನನ್ನ ನಿದ್ದೆ ಕೆಡಿಸಿದೆ. ಸರ್ಕಾರಿ ದವಾಖಾನೆಯಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ಕುಳಿತು ನೌಕರಿ ಮುಗಿಸಿದವನು ನಾನು. ತಿಳಿದದ್ದನ್ನು ನಿನಗೆ ಹೇಳದೆ ಇನ್ನಾರಿಗೆ ಹೇಳಲಿ?

ದಮ್ಮು ಬಂದಾಗ ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರು ಬಾತುಕೊಳ್ಳುತ್ತದೆ, ಅಂಟು ಕಫ ದಾರಿ ಕಟ್ಟುತ್ತದೆ. ಉಸಿರು ಒಳಗೆ ಹೋಗುವುದಿಲ್ಲ ಎಂದು ಜನ ತಿಳಿಯುತ್ತಾರೆ. ಆದರೆ ಹೆಚ್ಚಿನ ಕಷ್ಟ ಹೊರಬಿಡುವುದರಲ್ಲಿ. ಹೊಕ್ಕ ಗಾಳಿ ಪೂರ್ತಿ ಹೊರಬೀಳುವ ಮೊದಲೇ ಮುಂದಿನ ಉಸಿರು ಬಂದು ಸೇರುತ್ತದೆ, ಪುಪ್ಪುಸ ಉಬ್ಬುತ್ತಲೇ ಹೋಗುತ್ತದೆ. ಸೀಟಿ ಕೇಳುತ್ತಿರುವವರೆಗೆ ಆ ಇಕ್ಕಟ್ಟಿನಲ್ಲಿ ಗಾಳಿ ಇನ್ನೂ ಓಡಾಡುತ್ತಿದೆ. ದಮ್ಮು ಬಲಿತು ಗಾಳಿಯ ಓಡಾಟವೇ ನಿಂತಾಗಲೂ ಸೀಟಿ ನಿಲ್ಲುತ್ತದೆ ಮಗಾ! ಸೀಟಿ ನಿಂತು ನಾಲ್ಕು ಮಾತು ಸರಾಗವಾಗಿ ಆಡಲು ಬಂದರೆ ಇಳಿದಂತೆ. ಸೀಟಿ ನಿಂತು ಮಾತು ಹೊರಡದೆ, ತುಟಿ ನೀಲಿಗಟ್ಟಿ, ಮಂಪರು ಕವಿದರೆ ಉಸಿರಾಟದ ಸ್ನಾಯುಗಳು ಸೋತಿವೆ ಎಂದೇ ತಿಳಿ. ಅಲ್ಲಿಂದ ಉಸಿರು ನಿಲ್ಲಲು ಹೆಚ್ಚು ಹೊತ್ತು ಬೇಕಿಲ್ಲ.

ಜೋರಿನ ದಮ್ಮಿನಿಂದ ಅಪರೂಪಕ್ಕೆ ಆಗುವ ಇನ್ನೊಂದು ತೊಂದರೆ ಇದೆ. ಅದು ಹೆಚ್ಚಾಗಿ ನಿನ್ನಂಥ ಹರೆಯದ, ತೆಳ್ಳನೆಯ ಹುಡುಗರಲ್ಲೇ ಕಾಣಿಸುವುದರಿಂದ ಬಿಡಿಸಿ ಬರೆಯುತ್ತೇನೆ. ಸೈಕಲ್ ಟ್ಯೂಬಿಗೆ ಅಳತೆ ಮೀರಿ ಗಾಳಿ ಹೊಡೆದಂತೆ ಪುಪ್ಪುಸದ ಸಣ್ಣ ಗಾಳಿಗೂಡುಗಳು ಒಡೆಯುವುದುಂಟು. ಸೋರಿದ ಗಾಳಿ ರಕ್ತನಾಳಗಳ ಗುಂಟ ಹರಿದು ಎದೆಯ ನಡುವೆ, ಹೃದಯದ ಸುತ್ತ ಸೇರುತ್ತದೆ. ಅಲ್ಲಿಂದ ಮೇಲೇರಿ ಕುತ್ತಿಗೆಯ ಚರ್ಮದಡಿಗೆ ಬರುತ್ತದೆ. ಕುತ್ತಿಗೆ ಬಾತಿರುತ್ತದೆ, ಬೆರಳಿಂದ ಒತ್ತಿದರೆ ಚರಚರ ಅನ್ನುತ್ತದೆ, ದನಿ ಬದಲಾಗುತ್ತದೆ, ಎದೆ ನೋಯುತ್ತದೆ. ಅಮೆರಿಕದ ವೈದ್ಯ ಲೂಯಿ ಹ್ಯಾಮನ್ 1939ರಲ್ಲಿ ಎದೆಯ ನಡುವೆ ಹೀಗೆ ಗಾಳಿ ತುಂಬುವುದನ್ನು ವಿವರವಾಗಿ ಬರೆದ. ಹೃದಯ ಬಡಿದಂತೆಲ್ಲ ಕೇಳುವ ಕರಕರ ಸದ್ದಿಗೆ ಅವನ ಹೆಸರೇ ಉಳಿದಿದೆ. ವೈದ್ಯರ ಕಣ್ಣಳತೆಯಲ್ಲಿದ್ದರೆ ಬಹುಪಾಲು ಜನರಿಗೆ ಕೆಲವು ದಿನಗಳಲ್ಲಿ ತಾನೇ ವಾಸಿಯಾಗುತ್ತದೆ. ಅದೇ ಗಾಳಿ ಪುಪ್ಪುಸದ ಹೊರಗೆ ಎದೆಗೂಡಿನಲ್ಲಿ ತುಂಬಿಕೊಂಡರೆ ಮಾತು ಬೇರೆ. ಒಂದೇ ಮಗ್ಗುಲಲ್ಲಿ ಚುಚ್ಚಿದಂತೆ ನೋವು, ಏದುಸಿರು ಬರುತ್ತವೆ, ಪುಪ್ಪುಸ ಮುದುಡುತ್ತದೆ. ಕೊಳವೆ ಹಾಕಿ ಗಾಳಿ ತೆಗೆಯುವುದು ತಡವಾದರೆ ಜೀವಕ್ಕೇ ಅಪಾಯ. ಇದು ಮನೆಯಲ್ಲಿ ಕುಳಿತು ಕಾಯುವ ಬ್ಯಾನಿ ಅಲ್ಲ.

ಇನ್ನೂ ಅಪರೂಪದ್ದು ಮಕ್ಕಳಿಗೆ ಬರುವಂಥದ್ದು. ದಮ್ಮು ಇಳಿದ ಕೆಲವು ದಿನಗಳಿಗೆ ಒಂದು ಕೈಯೋ ಕಾಲೋ ಪೋಲಿಯೋದಲ್ಲಿ ಆದಂತೆ ಬಲ ಕಳೆದುಕೊಳ್ಳುತ್ತದೆ. ಆಸ್ಟ್ರೇಲಿಯಾದ ಹಾಪ್ಕಿನ್ಸ್ ಎಂಬ ವೈದ್ಯ 1974ರಲ್ಲಿ ಇದನ್ನು ವರದಿ ಮಾಡಿದ. ನಿನಗೆ ಇದು ಬರುತ್ತದೆಂದು ಹೆದರಿಸುತ್ತಿಲ್ಲ. ಜೋರಿನ ದಮ್ಮು ಎದೆಯೊಂದರ ಮಾತಲ್ಲ ಎಂದು ಗೊತ್ತಿರಲಿ ಅಂತ ಬರೆದೆ.

ಅಸ್ತಾಲಿನ್ ಇನ್ಹೇಲರ್ ಒಂದನ್ನೇ ಮತ್ತೆ ಮತ್ತೆ ಎಳೆಯುವ ನಿನ್ನ ರೂಢಿಯೂ ನನಗೆ ಗೊತ್ತು. ಅದರಲ್ಲಿರುವ ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಬಾವು ಇಳಿಸುವುದಿಲ್ಲ. ಮಿತಿಮೀರಿದರೆ ಕೈ ನಡುಗುತ್ತದೆ, ಗುಂಡಿಗೆ ಓಡುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಬಾವು ಇಳಿಸುವುದು ನೀನು ಬಿಟ್ಟಿರುವ ಆ ಸ್ಟಿರಾಯ್ಡ್ ಇನ್ಹೇಲರ್. ದೊಡ್ಡವರು ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡಿರಬಾರದು ಎಂದು ದಮ್ಮಿನ ಚಿಕಿತ್ಸೆಯ ಅಂತರರಾಷ್ಟ್ರೀಯ ‘ಗಿನಾ’ ಮಾರ್ಗಸೂಚಿ 2019ರಿಂದಲೇ ಹೇಳುತ್ತಿದೆ.

ನಮ್ಮ ಸೀಮೆಯ ಗಾಳಿ ದಮ್ಮಿನವರಿಗೆ ಸುಲಭದ್ದಲ್ಲ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ಕಡೆ ಸಿಮೆಂಟಿನ ಧೂಳು, ಶಹಾಬಾದಿನಲ್ಲಿ ಫರಸಿ ಕೊಯ್ಯುವ ಧೂಳು, ಚಳಿಯೊಳಗೆ ರಾಶಿಯ ಹೊಟ್ಟು, ಮಳೆಗಾಲ ಮುಗಿದರೆ ಕಾಂಗ್ರೆಸ್ ಕಸದ ಹೂವು. ಕೆಲಸ ಬಿಡು ಅನ್ನಲಾರೆ, ಹೊಟ್ಟೆಯ ಮಾತು ಅದು. ಮಾಸ್ಕ್ ಹಾಕು. ಬರುವ ವರ್ಷ ರಾಶಿಯ ದಿನ ಕಣದಿಂದ ದೂರ ಇರು.

ನಿನ್ನ ಕಾಕಾ ಮಿರಗ (ಮೃಗಶಿರ) ಮಳೆ ಕೂಡುವ ದಿನ ಹೈದರಾಬಾದಿನ ಮೀನಿನ ಮದ್ದಿಗೆ ಕರೆದೊಯ್ಯುತ್ತೇನೆ ಅನ್ನುತ್ತಿದ್ದಾನೆ. ವಾಡಿ, ಚಿತ್ತಾಪುರ, ಸೇಡಂ ಹಾದು ತಾಂಡೂರಿನ ಮೇಲೆ ಹೋಗುವ ರೈಲಿನಲ್ಲಿ ನಮ್ಮವರು ಹೋಗಿಬರುವುದು ಹೊಸದಲ್ಲ. ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಬತಿನಿ ಮನೆತನದವರು ಜೀವಂತ ಕೊರಮೀನಿನ ಮರಿಯ ಬಾಯಲ್ಲಿ ಹಳದಿ ಮದ್ದಿಟ್ಟು ನುಂಗಿಸುತ್ತಾರೆ, ಶಾಖಾಹಾರಿಗಳಿಗೆ ಬೆಲ್ಲದಲ್ಲಿ ಕೊಡುತ್ತಾರೆ. ಅವರು ಹಣ ಕೇಳುವುದಿಲ್ಲ, ಜನರ ನಂಬಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅದರಿಂದ ದಮ್ಮು ವಾಸಿಯಾಗುತ್ತದೆ ಎಂಬುದಕ್ಕೆ ವೈದ್ಯಕೀಯ ಪುರಾವೆ ಇಲ್ಲ. ಅದನ್ನು ನಂಬಿ ಇನ್ಹೇಲರ್ ಬಿಡುವುದಾದರೆ ಹೋಗುವುದೇ ಬೇಡ.

ಮತ್ತೆ ಜೋರಾಗಿ ಬಂದರೆ ಮಲಗಬೇಡ, ನೆಟ್ಟಗೆ ಕೂಡು. ಅಸ್ತಾಲಿನ್‌ಗೆ ಸ್ಪೇಸರ್ ಹಚ್ಚಿ ವೈದ್ಯರು ಹೇಳಿದಷ್ಟು ಪಫ್ ತಗೋ. ಒಂದು ವಾಕ್ಯ ಪೂರ್ತಿ ಆಡಲು ಆಗದಿದ್ದರೆ, ಕುತ್ತಿಗೆ ಬಾತರೆ, ಎದೆ ಚುಚ್ಚಿದರೆ 108ಕ್ಕೆ ಫೋನ್ ಮಾಡಿಸು. ಮೊದಲು ಹತ್ತಿರದ ದವಾಖಾನೆ, ಅಲ್ಲಿ ಆಮ್ಲಜನಕ ಹಚ್ಚಿದ ಮೇಲೆ ಕಲಬುರಗಿಯ ಮಾತು. ಚಿಂಚೋಳಿಯಂಥ ದೂರದ ಊರಿನಲ್ಲಿದ್ದಾಗಲಂತೂ ಬೆಳಗಾಗಲಿ ಎಂದು ಕಾಯಬೇಡ. ನಿನ್ನ ಕೆಲಸಕ್ಕೆ ಇಎಸ್ಐ ಚೀಟಿ ಇದ್ದರೆ ಕಲಬುರಗಿಯ ಸೇಡಂ ರಸ್ತೆಯ ಇಎಸ್ಐ ದವಾಖಾನೆಯಲ್ಲಿ ಒಮ್ಮೆ ಎದೆ ತೋರಿಸಿಕೊಂಡು ಬಾ.

ಇನ್ಹೇಲರ್ ಖರ್ಚು ನಾನು ಕೊಡುತ್ತೇನೆ, ಅದರ ಚಿಂತೆ ಬೇಡ. ಈ ಭಾನುವಾರದೊಳಗೆ ಅದನ್ನು ಮತ್ತೆ ಶುರು ಮಾಡಿ ನಿಮ್ಮವ್ವನಿಗೆ ಫೋನ್ ಮಾಡಿ ತಿಳಿಸು.

ಇತಿ ನಿನ್ನ ಮುತ್ಯಾ