ಗಾಳಿ ಕೊಡುದ್ ಯಾರ್?

ಟ್ಯೂನಿಂಗ್ ಬಾಕ್ಸ್ ಹಾಕಿಸಿದ ಮೇಲೆ ಗಾಡಿಗೆ ಎಳೆತದ ಜೊತೆ ಮೈಲೇಜೂ ಹೆಚ್ಚಾಯಿತು ಎಂದು ಯಾರಾದರೂ ಹೇಳಿದರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ನೋಡಿದ್ದು ಡ್ಯಾಶ್‌ಬೋರ್ಡಿನಲ್ಲೋ, ಬಂಕಿನ ಬಿಲ್ಲಿನಲ್ಲೋ? ಡ್ಯಾಶ್‌ಬೋರ್ಡಿನಲ್ಲಿ ಎಂದರೆ ನಾನು ಸುಮ್ಮನಾಗುತ್ತೇನೆ. ಆ ಪೆಟ್ಟಿಗೆ ಕೆಲಸ ಮಾಡುವುದೇ ಗಾಡಿಯ ಕಂಪ್ಯೂಟರಿಗೆ ಸುಳ್ಳು ಹೇಳಿ. ಸುಳ್ಳನ್ನು ನಂಬಿದ ಕಂಪ್ಯೂಟರು ನಮಗೆ ಒಪ್ಪಿಸುವ ಲೆಕ್ಕ ಮಾತ್ರ ಸರಿಯಾಗಿರಲಿ ಎಂದರೆ ಹೇಗೆ?

ನನ್ನ ಮನೆ ಬ್ರಹ್ಮಾವರ, ಫಿಸಿಕ್ಸ್ ಪಾಠ ಹೇಳುವುದು ಬೈಂದೂರಿನಲ್ಲಿ, ಗಾಡಿ ರಿಪೇರಿ ಕುಂದಾಪುರದ ಹತ್ತಿರದ ಗ್ಯಾರೇಜಿನಲ್ಲಿ. ಹೀಗಾಗಿ ಹೆದ್ದಾರಿ 66ರ ಒಂದೊಂದು ಏರು, ಒಂದೊಂದು ಯೂ ಟರ್ನ್ ಪರಿಚಯ. ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಡೀಸೆಲ್ ಇಟ್ಟುಕೊಂಡಿದ್ದೇನೆ. ಮಾರುತಿ 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ಡೀಸೆಲ್ ಕಾರು ನಿಲ್ಲಿಸಿತಲ್ಲ, ಆಮೇಲೆ ನಮ್ಮ ಕಡೆ ಇಂಥ ಹಳೆಯ ಡೀಸೆಲ್ ಗಾಡಿಗಳಿಗೆ ಒಂದು ಬಗೆಯ ಅಭಿಮಾನ ಹುಟ್ಟಿಕೊಂಡಿದೆ. ವಾರಂಟಿ ಎಂದೋ ಮುಗಿದಿರುತ್ತದೆ, ಕಂಪೆನಿಯ ಭಯವಿಲ್ಲ. ಬಾಕ್ಸು, ಚಿಪ್ಪು, ರೀಮ್ಯಾಪ್ ಎಂಬ ಮಾತೆಲ್ಲ ಶುರುವಾಗುವುದು ಆಗಲೇ.

ನನಗೆ ಬೇಕಿದ್ದುದು ವೇಗವಲ್ಲ. ಸಣ್ಣ ಟರ್ಬೊ ಡೀಸೆಲ್ ಇಂಜಿನ್ನುಗಳ ಸ್ವಭಾವ ಗೊತ್ತಿದ್ದವರಿಗೆ ಗೊತ್ತು: ಎರಡು ಸಾವಿರ ಆರ್‌ಪಿಎಂ ಮುಟ್ಟುವ ತನಕ ಒಂದು ಗಾಡಿ, ಮುಟ್ಟಿದ ಮೇಲೆ ಇನ್ನೊಂದು. ಒತ್ತಿನೆಣೆ ಏರಿನಲ್ಲಿ ಮುಂದೆ ಲಾರಿ ಇದ್ದರೆ, ಹುಲಿಕಲ್ ಘಾಟಿಯ ಹೇರ್‌ಪಿನ್‌ನಲ್ಲಿ ಮನೆ ಮಂದಿಯೆಲ್ಲ ಕೂತಿದ್ದರೆ, ಆ ಮೊದಲ ಗಾಡಿ ಸಾಕಾಗುವುದಿಲ್ಲ. ಅದೊಂದಿಷ್ಟು ತುಂಬಿದರೆ ಸಾಕು ಎಂಬುದು ನನ್ನ ಆಸೆ.

ಗ್ಯಾರೇಜುಗಳಲ್ಲಿ, ಚಹಾದಂಗಡಿಗಳಲ್ಲಿ ಇದಕ್ಕೊಂದು ಸಿದ್ಧ ವಾದ ಇದೆ. ಕಂಪೆನಿಯವರು ಬೇಕೆಂದೇ ಇಂಜಿನ್ ಲಾಕ್ ಮಾಡಿ ಇಟ್ಟಿದ್ದಾರೆ, ಸಾಫ್ಟ್‌ವೇರ್ ಬಿಚ್ಚಿದರೆ ಒಳಗಿದ್ದ ಶಕ್ತಿ ಹೊರಗೆ ಬರುತ್ತದೆ ಎಂದು. ಸಾಕ್ಷಿಗೆ ಒಂದು ಲೆಕ್ಕವನ್ನೂ ಕೊಡುತ್ತಾರೆ. ಸ್ವಿಫ್ಟ್‌ನ ಇಂಜಿನ್ ಫಿಯಟ್‌ನ 1.3 ಮಲ್ಟಿಜೆಟ್, 1,248 ಸಿಸಿ, 75 ಎಚ್‌ಪಿ, 190 ನ್ಯೂಟನ್ ಮೀಟರ್. ಅದೇ 1,248 ಸಿಸಿ ಎರ್ಟಿಗಾದಲ್ಲಿ 90 ಎಚ್‌ಪಿ, 200 ನ್ಯೂಟನ್ ಮೀಟರ್. ಇಂಜಿನ್ ಒಂದೇ, ಹಾಗಾದರೆ ಆ 15 ಎಚ್‌ಪಿಯನ್ನು ಬಚ್ಚಿಟ್ಟವರು ಯಾರು?

ಕೇಳಲು ಚಂದದ ವಾದ. ಆದರೆ 90ರ ಇಂಜಿನ್ನಿಗೆ ಇರುವ ಟರ್ಬೊ ಬೇರೆ. ಅದರಲ್ಲಿ ಹೊಗೆ ಬಂದು ಬಡಿಯುವ ಕಡೆ ಇರುವ ಸಣ್ಣ ರೆಕ್ಕೆಗಳು ವೇಗಕ್ಕೆ ತಕ್ಕಂತೆ ಕೋನ ಬದಲಿಸುತ್ತವೆ. 75ರದ್ದರಲ್ಲಿ ಆ ರೆಕ್ಕೆಗಳೇ ಇಲ್ಲ. ಹೆಚ್ಚಿನ 15 ಎಚ್‌ಪಿ ಬಂದದ್ದು ಕಬ್ಬಿಣದಿಂದ, ಹೆಚ್ಚು ಗಾಳಿ ತಳ್ಳಬಲ್ಲ ಯಂತ್ರದಿಂದ. ಸಾಫ್ಟ್‌ವೇರ್ ಅದರ ಹಿಂದೆ ಹೋದದ್ದು. ಇದನ್ನು ಎಷ್ಟು ಜನರಿಗೆ ಹೇಳಿದರೂ ಪ್ರಯೋಜನವಿಲ್ಲ. ಬಚ್ಚಿಟ್ಟಿದ್ದಾರೆ ಎಂಬ ಮಾತಿನ ರುಚಿಯೇ ಬೇರೆ.

ಇನ್ನು ಪೆಟ್ಟಿಗೆಯ ವಿಷಯ. 1980, 90ರ ದಶಕಗಳಲ್ಲಿ ಇಂಜಿನ್ ಕಂಪ್ಯೂಟರಿನ ಒಳಗಿನ ಚಿಪ್ಪನ್ನೇ ಕಿತ್ತು ಬೇರೆಯದನ್ನು ಕೂರಿಸುತ್ತಿದ್ದರು. ಈಗ ಹಾಗಿಲ್ಲ. ಡೀಸೆಲ್ ಗಾಡಿಗೆ ಬರುವ ಬಾಕ್ಸ್ ಹೊರಗಿನಿಂದ ಸಿಕ್ಕಿಸುವಂಥದ್ದು. ಕಾಮನ್ ರೈಲ್ ಎಂಬ ವ್ಯವಸ್ಥೆ 1997ರಲ್ಲಿ ಆಲ್ಫಾ ರೋಮಿಯೊ 156ರ ಮೂಲಕ ಕಾರುಗಳಿಗೆ ಬಂತು. ಪಂಪು ಡೀಸೆಲನ್ನು ಒಂದು ಗಟ್ಟಿ ಕೊಳವೆಗೆ ತುಂಬುತ್ತದೆ, ಎಲ್ಲ ಇಂಜೆಕ್ಟರ್‌ಗಳೂ ಆ ಕೊಳವೆಯಿಂದ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಟಯರಿಗೆ ನಾವು ಹೊಡೆಸುವ ಗಾಳಿ ಎರಡು ಬಾರ್ ಚಿಲ್ಲರೆ. ಈ ಕೊಳವೆಯೊಳಗಿನ ಒತ್ತಡ 1,600 ಬಾರ್ ಆಸುಪಾಸಿನವರೆಗೆ ಹೋಗುತ್ತದೆ. ಕೊಳವೆಗೆ ಒಂದು ಸೆನ್ಸರ್ ಇದೆ. ಒತ್ತಡ ಎಷ್ಟು ಎಂಬುದನ್ನು ಅದು ಸುಮಾರು ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟಿನೊಳಗೆ ಕಂಪ್ಯೂಟರಿಗೆ ತಿಳಿಸುತ್ತದೆ. ಬಾಕ್ಸ್ ಕೂರುವುದು ಈ ಸೆನ್ಸರಿಗೂ ಕಂಪ್ಯೂಟರಿಗೂ ನಡುವೆ.

ತಕ್ಕಡಿ ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತುವ ಅಂಗಡಿಯವನ ಕೈಚಳಕವೇ ಇದು. ಒಳಗೆ 1,150 ಬಾರ್ ಇದ್ದರೆ ಬಾಕ್ಸ್ ಕಂಪ್ಯೂಟರಿಗೆ 1,000 ಎಂದು ಹೇಳುತ್ತದೆ. ಸಾವಿರದ ಲೆಕ್ಕಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಂಪ್ಯೂಟರು ಇಂಜೆಕ್ಟರ್ ತೆರೆದಿಡುತ್ತದೆ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣ ಎಂದು ನಾನೇ ಮಕ್ಕಳಿಗೆ ಬೋರ್ಡಿನ ಮೇಲೆ ಬರೆಯುತ್ತೇನೆ; ಒತ್ತಡ ಶೇಕಡಾ 15 ಹೆಚ್ಚಿದರೆ ಡೀಸೆಲ್ ಶೇಕಡಾ 7ರಷ್ಟು ಹೆಚ್ಚು ಬೀಳುತ್ತದೆ. ಈ 7 ಕಂಪ್ಯೂಟರಿನ ಖಾತೆಗೆ ಹತ್ತುವುದೇ ಇಲ್ಲ. ಡ್ಯಾಶ್‌ಬೋರ್ಡಿನ ಮೈಲೇಜು ಆ ಖಾತೆಯಿಂದಲೇ ಬರುವುದರಿಂದ ಅದು ಖುಷಿಪಡಿಸುವ ಅಂಕಿ ತೋರಿಸುತ್ತದೆ. ಬೆಂಗಳೂರಿನಿಂದ ತರಿಸಿ ಬಾಕ್ಸ್ ಹಾಕಿಸಿದ ನನ್ನ ಗಾಡಿಯಲ್ಲೂ ತೋರಿಸಿತು. ಟ್ಯಾಂಕ್ ಬಾಯಿತನಕ ತುಂಬಿಸಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಬಾಯಿತನಕ ತುಂಬಿಸಿ ಭಾಗಿಸಿದಾಗ ಬಂದ ಉತ್ತರ ಹಳೆಯದಕ್ಕಿಂತ ಕಡಿಮೆಯೇ.

ಹಾಗೆಂದು ಬಾಕ್ಸ್ ಕೆಲಸ ಮಾಡುವುದಿಲ್ಲ ಎಂದರೆ ಅದೂ ಸುಳ್ಳು. ಎಳೆತ ಬಂತು, ಚೆನ್ನಾಗಿಯೇ ಬಂತು. ಒತ್ತಿನೆಣೆಯಲ್ಲಿ ಗೇರು ಇಳಿಸದೆ ಲಾರಿ ದಾಟಿದ ಬೆಳಿಗ್ಗೆ ನಾನು ತರಗತಿಯಲ್ಲಿ ಕಾರಣವಿಲ್ಲದೆ ನಗುತ್ತಿದ್ದೆನಂತೆ. ಮಾರುಕಟ್ಟೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ, ಸ್ಟಿಯರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಚುಚ್ಚುವ ಇನ್ನೊಂದು ಬಗೆ ಇದೆ. ಒಂದನ್ನು ಬಿಚ್ಚಿ ನೋಡಿದೆ, ಒಳಗಿದ್ದುದು ಮಿನುಗುವ ದೀಪಗಳು ಮತ್ತು ಅವನ್ನು ಮಿನುಗಿಸುವ ಸರ್ಕ್ಯೂಟು. ಅದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯುವುದು ಕಾಗದದ ದಂಡ.

ನಿಜವಾದ ಬಾಕ್ಸಿನ ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಹೇಳಿದ್ದು ನಮ್ಮ ಮೆಕ್ಯಾನಿಕ್. ಅವರು ಕಾರಿಗೆ ಬರುವ ಮೊದಲು ಗಂಗೊಳ್ಳಿಯಲ್ಲಿ ಬೋಟಿನ ಇಂಜಿನ್ ಬಿಚ್ಚುತ್ತಿದ್ದವರು, ಅದಕ್ಕೂ ಮೊದಲು ಲಾರಿಗಳ ಪಂಪು, ನಾಜಲ್ ನೋಡುತ್ತಿದ್ದವರು. ಗಾಡಿ ಹಿಂದೆ ನಿಂತು ಆಕ್ಸಿಲರೇಟರ್ ತುಳಿಯಲು ಹೇಳಿ, ಸೈಲೆನ್ಸರಿನ ಬಾಯಿ ಬೆರಳಲ್ಲಿ ಒರೆಸಿ ತೋರಿಸಿದರು. "ಡೀಸೆಲ್ ಜಾಸ್ತಿ ಕೊಟ್ರಿ, ಸೈ. ಗಾಳಿ ಕೊಡುದ್ ಯಾರ್ ಮಾಷ್ಟ್ರೆ?"

ಹಳೆಯ ಲಾರಿಗಳಲ್ಲೂ ಇದೇ ಆಟ ಇತ್ತಂತೆ. ಪಂಪಿನ ಸೀಲ್ ಒಡೆದು ಸ್ಕ್ರೂ ತಿರುಗಿಸಿದರೆ ಘಾಟಿಯಲ್ಲಿ ಲಾರಿ ಎಳೆಯುತ್ತಿತ್ತು, ಹಿಂದಿನವನಿಗೆ ದಾರಿ ಕಾಣುತ್ತಿರಲಿಲ್ಲ. ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಿದರೆ ಒಂದು ಪಾಲು ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ, ಮಸಿ ಆಯಿಲಿಗೂ ಸೇರುತ್ತದೆ, ಹೊಗೆಯ ಬಿಸಿ ಏರಿ ಟರ್ಬೊ ಬಳಲುತ್ತದೆ. ಬಿಎಸ್4 ಡೀಸೆಲಿಗೆ ಹೊಗೆ ತಪಾಸಣೆಯ ಮಿತಿ ಮೀಟರಿಗೆ 1.62. ಬಾಕ್ಸ್ ಇದ್ದಾಗ ನನ್ನ ಗಾಡಿ ಅದನ್ನು ದಾಟಿತು, ಬಿಚ್ಚಿಟ್ಟು ಹೋದಾಗ ಒಳಗೇ ಇತ್ತು. ತಪಾಸಣೆಯ ದಿನ ಬೆಳಿಗ್ಗೆ ಬಾಕ್ಸ್ ಬಿಚ್ಚಿ ಮಧ್ಯಾಹ್ನ ಮತ್ತೆ ಹಾಕುವವರು ಇದ್ದಾರೆ. ನನಗೆ ಅದು ಒಗ್ಗಲಿಲ್ಲ. ಸ್ಕೂಟರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ನನ್ನ ಹಿಂದೆ ಬರುವವರು ನಮ್ಮೂರವರೇ ತಾನೆ.

ಕಂಪೆನಿ ಬಿಟ್ಟಿರುತ್ತದಲ್ಲ ಒಂದಿಷ್ಟು ಉಳಿಕೆ, ಅದು ಯಾರನ್ನೂ ಮೋಸ ಮಾಡಲು ಇಟ್ಟದ್ದಲ್ಲ. ಡೀಸೆಲ್ ಕೆಟ್ಟದಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು, ಏಪ್ರಿಲ್ ಬಿಸಿಲಲ್ಲಿ ಎಸಿ ಹಾಕಿಕೊಂಡು ಐದು ಜನ ಘಾಟಿ ಹತ್ತಬಹುದು, ಇಂಜೆಕ್ಟರ್ ಹಳತಾಗಿರಬಹುದು. ಈ ಎಲ್ಲ ಬಹುದುಗಳೂ ನಮ್ಮ ಕರಾವಳಿಯ ಗಾಡಿಗೆ ಒಟ್ಟಿಗೇ ಬರುತ್ತವೆ. ಹುಲಿಕಲ್ ಘಾಟಿಯಲ್ಲಿ ನಡೆದದ್ದು ಇದೇ: ಆರ್‌ಪಿಎಂ ಮುಳ್ಳು ಮೇಲೆ ಹೋಯಿತು, ವೇಗದ ಮುಳ್ಳು ಇದ್ದಲ್ಲೇ ಇತ್ತು, ಒಳಗೆಲ್ಲ ಸುಟ್ಟ ವಾಸನೆ. ಹೆಚ್ಚಿದ ಟಾರ್ಕನ್ನು ಹಳೆಯ ಕ್ಲಚ್ ಪ್ಲೇಟು ಹಿಡಿಯಲಾರದೆ ಜಾರಿತ್ತು. ಹಿಂದಿನ ಸೀಟಿನಿಂದ ಅಮ್ಮ, "ಎಂತ ಮಗಾ, ಅಡಿ ಹಿಡಿದ ವಾಸ್ನೆ ಬತ್ತಾ ಇತ್ತ್?" ಎಂದರು. ಕ್ಲಚ್ ಸೆಟ್ ಹಾಕಿಸಿದ ಖರ್ಚು ಬಾಕ್ಸಿನ ಬೆಲೆಯ ಜೊತೆ ಕೂಡಿಸಿಯೇ ನೋಡಬೇಕು.

ಇನ್ನೊಂದು ತೊಂದರೆಯನ್ನು ಬಾಕ್ಸ್ ಮಾರಿದ ಬೆಂಗಳೂರಿನವರು ಹೇಳಿಕೊಟ್ಟಿರಲಿಲ್ಲ, ಅವರಿಗೆ ಗೊತ್ತಿರಲೂ ಕಾರಣವಿಲ್ಲ. ಸೆನ್ಸರಿನ ಒಂದು ಜೋಡಣೆಯ ಜಾಗದಲ್ಲಿ ಬಾಕ್ಸ್ ಎರಡು ಹೊಸ ಜೋಡಣೆ ತರುತ್ತದೆ. ತ್ರಾಸಿಯಿಂದ ಮರವಂತೆಯ ತನಕ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಮಳೆಗಾಲದಲ್ಲಿ ಅಲ್ಲಿ ಗಾಳಿಯೇ ಉಪ್ಪುನೀರು. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯಿತು. ಇಂಜಿನ್ ದೀಪ ಹತ್ತಿ, ಗಾಡಿ ಶಕ್ತಿ ತಗ್ಗಿಸಿಕೊಂಡು ಲಿಂಪ್ ಮೋಡಿಗೆ ಹೋಗಿ, ಸೈಕಲ್ಲಿನವರು ನನ್ನನ್ನು ಕರುಣೆಯಿಂದ ನೋಡಿದರು. ಸ್ಕ್ಯಾನರ್ ತೋರಿಸಿದ ಕೋಡ್ ಪಿ0190, ಅಂದರೆ ರೈಲ್ ಪ್ರೆಶರ್ ಸೆನ್ಸರಿನ ಸರ್ಕ್ಯೂಟ್. ಬಾಕ್ಸ್ ಬಿಚ್ಚಿ ಮೂಲ ಕನೆಕ್ಟರ್ ಸಿಕ್ಕಿಸಿ ಕೋಡ್ ಅಳಿಸಿದ ಮೇಲೆ ಗಾಡಿ ಏನೂ ಆಗದಂತೆ ಹೊರಟಿತು. ಸುಲಭವಾಗಿ ಬಿಚ್ಚಬಹುದು ಎಂಬುದೇ ಬಾಕ್ಸಿನ ದೊಡ್ಡ ಗುಣ ಎಂದು ಈಗಲೂ ಹೇಳುತ್ತೇನೆ.

ಮತ್ತೆ ಹಾಕಲಿಲ್ಲ. ಮೆಕ್ಯಾನಿಕ್ ಟರ್ಬೊದಿಂದ ಬರುವ ರಬ್ಬರ್ ಹೋಸಿಗೆ ಸೋಪು ನೀರು ಸವರಿ ಗುಳ್ಳೆ ಹುಡುಕಿದರು, ಸೀಳು ಸಿಕ್ಕಿತು. ಹೋಸು ಬದಲಿಸಿ ಏರ್ ಫಿಲ್ಟರ್ ಹೊಸದು ಹಾಕಿದ ಮೇಲೆ ನನಗೆ ಬೇಕಿದ್ದ ಎಳೆತದ ಬಹುಪಾಲು ಬಂದುಬಿಟ್ಟಿತು. ಯಾವ ಗಾಡಿಗೇ ಆಗಲಿ, ಟ್ಯೂನಿಂಗ್ ಕೇಳಿಕೊಂಡು ಬರುವ ಹುಡುಗರಿಗೆ ಅವರು ಈಗ ಮೊದಲು ಸೋಪು ನೀರು ತರಿಸುತ್ತಾರೆ.

ಕೋಟೇಶ್ವರದ ನನ್ನ ಗೆಳೆಯ ಮಾತ್ರ ಬೇರೆ ದಾರಿ ಹಿಡಿದ. ಬಾಕ್ಸ್ ಬೇಡವೆಂದು ರೀಮ್ಯಾಪ್ ಮಾಡಿಸಿದ. ಲ್ಯಾಪ್‌ಟಾಪಿನಿಂದ ಕಂಪ್ಯೂಟರಿನ ಒಳಗಿನ ಕೋಷ್ಟಕಗಳನ್ನೇ ಓದಿ, ಡೀಸೆಲ್, ಟರ್ಬೊ ಒತ್ತಡ, ಹೊಗೆಯ ಮಿತಿ, ಟಾರ್ಕ್ ಮಿತಿ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ ತಿರುಗಿ ಬರೆಯುವ ಕೆಲಸ ಅದು. ಅವನದ್ದು ಕೋನ ಬದಲಿಸುವ ರೆಕ್ಕೆಯ ಟರ್ಬೊದ, ಅಂದರೆ 90 ಎಚ್‌ಪಿಯ ಗಾಡಿ, ಮೊದಲೇ ಕ್ಲಚ್ ಗಟ್ಟಿಯದು ಹಾಕಿಸಿದ್ದ. ಕಂಪ್ಯೂಟರಿಗೆ ಸುಳ್ಳು ಹೇಳಿಲ್ಲ, ಹೊಸ ಪಾಠ ಕಲಿಸಿದ್ದೇನೆ ಎಂದು ವಾದಿಸುತ್ತಾನೆ. ಇಂಜಿನ್ನಿನ ಮಟ್ಟಿಗೆ ಅವನ ಮಾತು ಒಪ್ಪುತ್ತೇನೆ.

ಕಾನೂನಿನ ಮಟ್ಟಿಗೆ ಒಪ್ಪುವುದು ಕಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಹೇಳಿದ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿ ಬದಲಿಸಬಾರದು ಎನ್ನುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಬಿಗಿಗೊಳಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡೂ ಎಂದಾಯಿತು. ಸಾಸ್ತಾನ ಟೋಲಿನಲ್ಲಿ ಯಾರೂ ಬಾನೆಟ್ ತೆಗೆಸಿ ಕೋಷ್ಟಕ ಓದುವುದಿಲ್ಲ, ನಿಜ. ಓದುವವರು ಬರುವುದು ಅಪಘಾತ ಆದ ಮೇಲೆ, ಇನ್ಶೂರೆನ್ಸ್ ಕಂಪೆನಿಯ ಕಡೆಯಿಂದ. ಇದನ್ನೆಲ್ಲ ಅವನಿಗೆ ಹೇಳಿದ್ದೇನೆ; ಮೈಲೇಜು, ಟಾರ್ಕು, ಟರ್ಬೊ ಏನು ಕೇಳಿದರೂ ಗಂಟೆಗಟ್ಟಲೆ ಉತ್ತರ ಕೊಡುವವನು, ಪಾಲಿಸಿ ರಿನ್ಯೂ ಮಾಡುವಾಗ ಮಾರ್ಪಾಡಿನ ಕಾಲಮ್ಮಿನಲ್ಲಿ ಏನು ಬರೆದೆ ಮರಾಯ ಎಂದರೆ ಮಾತ್ರ, ಈ ಹೋಟೆಲಿನ ಚಹಾಕ್ಕೆ ಸಕ್ಕರೆ ಜಾಸ್ತಿ ಎನ್ನುತ್ತಾನೆ.